ಮೂವತ್ತೆಂಟು ಮಂದಿಯ ಪರೀಕ್ಷೆ ಉಳಿಸಿದ ಬಷೀರಾ

ಬೆಳಗಿನ ಆರೂಕಾಲು. ಮುಂಬೈನ ಚೆಂಬೂರಿನ ಪಾಲಿಟೆಕ್ನಿಕ್ ಒಂದರ ಮೂರನೇ ಮಹಡಿಯಲ್ಲಿ ಬಷೀರಾ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯುತ್ತಾರೆ. ನಲವತ್ತು ಕಂಪ್ಯೂಟರುಗಳ ದೂಳು ಒರೆಸಿ, ಒಂದೊಂದನ್ನೂ ಚಾಲೂ ಮಾಡುತ್ತಾರೆ. ಇಂದು ಮಂಗಳವಾರ. ಒರೆಸುವ ಬಟ್ಟೆ ಕೆಳಗಿಟ್ಟು ಬೋರ್ಡಿನ ಮೇಲೆ ಸಿ ಭಾಷೆಯ ಹನ್ನೆರಡು ಸಾಲು ಬರೆಯುತ್ತಾರೆ. ಮೊದಲ ಪಾಠ ಅವರದೇ.

ವಿಜಯಪುರದಲ್ಲಿ ಪಿಯುಸಿ ಓದಿದ ಬಷೀರಾ ಮದುವೆಯಾಗಿ ಮುಂಬೈಗೆ ಬಂದವರು. ಪತಿ ಜುಲ್ಫಿಕಾರ ಅಂಧೇರಿಯಲ್ಲಿ ರಿಕ್ಷಾ ಓಡಿಸುತ್ತಾರೆ. ಹದಿನಾರು ವರ್ಷಗಳ ಹಿಂದೆ ಇದೇ ಲ್ಯಾಬಿನ ಕಸ ಗುಡಿಸಲು ಸೇರಿದ ಬಷೀರಾ, ಈಗ ಲ್ಯಾಬ್ ಅಟೆಂಡರ್.

"ಹುಡುಗ್ರು ಪ್ರೋಗ್ರಾಮ್ ಬರದು ಬಿಟ್ಟು ಹೋದ ಜರ್ನಲ್ ಮನೀಗೆ ಒಯ್ದು ಓದತಿದ್ದೆ. ಮುಂಜಾನೆ ಬಂದು ಇಲ್ಲೇ ಟೈಪ್ ಮಾಡಿ ನೋಡತಿದ್ದೆ. ಎರಡ ವರ್ಷ ಬರೇ ತಪ್ಪ ಬಂತ್ರಿ" ಎಂದು ನಗುತ್ತಾರೆ.

ಕಳೆದ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಪ್ರಶ್ನೆ ಸರಳವಾಗಿತ್ತು. ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ನಡೆಯುವ ಎಂಟು ಕೆಲಸ, ಅಂದರೆ ಎಂಟು ಥ್ರೆಡ್ ಶುರು ಮಾಡಬೇಕು. ಪ್ರತಿ ಥ್ರೆಡ್‌ಗೂ ಅದರದೇ ನಂಬರ್ ಕೊಟ್ಟು, ಅದನ್ನು ಪರದೆಯ ಮೇಲೆ ಮೂಡಿಸಬೇಕು. ವಿದ್ಯಾರ್ಥಿಗಳೆಲ್ಲ ಕಾಲೇಜು ಕೊಟ್ಟ ಮಾದರಿ ಪ್ರೋಗ್ರಾಮನ್ನೇ ಬರೆದರು. ಮೂವತ್ತೆಂಟು ಮಂದಿಗೂ ಎಡವಟ್ಟು. ಏಳು ಎಂಬ ನಂಬರ್ ನಾಲ್ಕು ಸಲ ಬಂದರೆ, ಒಂದು ಎಂಬುದು ಬರಲೇ ಇಲ್ಲ. ಮತ್ತೆ ಓಡಿಸಿದರೆ ಬೇರೆಯೇ ಉತ್ತರ. ಕೆಲವರು ಅಳತೊಡಗಿದರು. ಯಂತ್ರಗಳೇ ಕೆಟ್ಟಿವೆ ಎಂದ ಪರೀಕ್ಷಕರು ಪರೀಕ್ಷೆ ರದ್ದು ಮಾಡಲು ಹೊರಟರು. ಯಂತ್ರಗಳ ಹೊಣೆ ಬಷೀರಾ ಅವರದು. ಅವರ ಕೆಲಸಕ್ಕೇ ಕುತ್ತು ಬರುವಂತಿತ್ತು.

ಅವರು ವಿಭಾಗದ ಮುಖ್ಯಸ್ಥೆ ನಮಿತಾ ಅವರ ಬಳಿ ಹೋದರು. "ಮೇಡಂ, ಮಷೀನ್ ಛಲೋ ಅದಾವ್ರಿ. ಎಂಟೂ ಥ್ರೆಡ್‌ಗೆ ನಂಬರ್ ಇಡೂ ಒಂದ ವೇರಿಯೇಬಲ್‌ದ ಅಡ್ರೆಸ್ ಕೊಟ್ಟಾರ. ಥ್ರೆಡ್ ಬಂದು ನೋಡೂದ್ರಾಗ ನಂಬರ್ ಏರಿಸೂ ಲೂಪ್ ಮುಂದ ಹೋಗಿ, ಅಲ್ಲಿ ನಂಬರ್ ಬದಲಾಗಿರ್ತೈತಿ. ಒಂದೊಂದಕ್ಕ ಬ್ಯಾರೆ ಬ್ಯಾರೆ ಜಾಗಾ ಕೊಡಬೇಕ್ರಿ."

"ಮಾಡಿ ತೋರಿಸಿ" ಎಂದರು ನಮಿತಾ.

ಬಷೀರಾ ಎಂಟು ಮನೆಗಳ ಸಾಲು, ಅಂದರೆ ‘ಅರೇ’ ಬರೆದು, ಪ್ರತಿ ಮನೆಗೆ ಒಂದು ನಂಬರ್ ತುಂಬಿ, ಪ್ರತಿ ಥ್ರೆಡ್‌ಗೆ ಅದರ ಮನೆಯ ಅಡ್ರೆಸ್ ಕೊಟ್ಟರು. ಒಂದರಿಂದ ಎಂಟರವರೆಗೆ ಎಲ್ಲ ನಂಬರೂ ಬಂದವು. ಕ್ರಮ ಹಿಂದೆಮುಂದೆ ಇತ್ತು, ಆದರೆ ಒಂದೂ ತಪ್ಪಿರಲಿಲ್ಲ, ಒಂದೂ ಮರುಕಳಿಸಿರಲಿಲ್ಲ. ಪರೀಕ್ಷಕರು ಇಪ್ಪತ್ತು ಸಲ ಓಡಿಸಿ ನೋಡಿದರು. ಇಪ್ಪತ್ತು ಸಲವೂ ಸರಿ. ಅವರೇ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಲ್ಯಾಬು. ಮಾದರಿ ತಿದ್ದಿ ಮಕ್ಕಳಿಗೆ ಇನ್ನೊಂದು ಗಂಟೆ ಕೊಟ್ಟರು. ಮೂವತ್ತೆಂಟು ಮಂದಿಯೂ ಪಾಸು.

"ಓದಿದ ನಾವೆಲ್ಲ ಮೆಷಿನಿಗೆ ಬೈತಾ ಕೂತಿದ್ದೆವು ಮಾರಾಯ್ರೆ. ಕೋಡ್ ನೋಡಿದ್ದು ಇವರೊಬ್ಬರೇ" ಎನ್ನುತ್ತಾರೆ ಮಂಗಳೂರು ಕಡೆಯ ನಮಿತಾ. ವೇಳಾಪಟ್ಟಿಯ ಮಂಗಳವಾರದ ಕಾಲಮ್ಮಿನಲ್ಲಿ ಬಷೀರಾ ಹೆಸರು ಬರೆಸಿದ್ದೂ ಅವರೇ.

ಎಂಟು ಗಂಟೆ. ಹುಡುಗರು ಒಳಬಂದು "ಗುಡ್ ಮಾರ್ನಿಂಗ್ ಮ್ಯಾಮ್" ಎನ್ನುತ್ತಾರೆ. ಚಾಕ್‌ಪೀಸ್ ಎತ್ತಿಕೊಳ್ಳುವ ಮುನ್ನ ಬಷೀರಾ ನಮ್ಮ ಕಡೆ ತಿರುಗಿ ದನಿ ತಗ್ಗಿಸಿ ಹೇಳುತ್ತಾರೆ: "ಬರೂ ವರ್ಷ ಡಿಪ್ಲೊಮಾಕ್ಕ ನಾನೂ ಕೂಡ್ತೀನ್ರಿ. ಫಸ್ಟ್ ಕ್ಲಾಸ್ ಬಿಟ್ಟು ಕೆಳಗ ಇಳಿಯಂಗಿಲ್ಲ."