ಕಹಿಯಣ್ಣನ ಮೊದಲ ಲೋಟ

ಕಹಿಯಣ್ಣ ತೀರಿಕೊಂಡ. ಗುರುವಾರ ಮಧ್ಯಾಹ್ನ ಮೂರೂವರೆಗೆ, ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ. ಲಿವರ್ ಕೆಟ್ಟಿತ್ತು. ವಯಸ್ಸು ಐವತ್ತನಾಲ್ಕು.

ಬಸ್ ಡಿಪೋದ ಎದುರು, ಇಸ್ತ್ರಿ ಅಂಗಡಿಗೂ ಹಳೇ ಪುಸ್ತಕದ ಅಂಗಡಿಗೂ ನಡುವೆ ಎಂಟಡಿ ಅಗಲದ ಮಳಿಗೆಯಲ್ಲಿ ಅವನು ಇಪ್ಪತ್ತಾರು ವರ್ಷ ಕಷಾಯ ಮಾರಿದ. ಒಂದೇ ಕಷಾಯ, ಅಮೃತಬಳ್ಳಿಯದು. ಮಳಿಗೆಯ ಗೋಡೆಯ ಮೊಳೆಗೆ ಹೆಬ್ಬೆರಳು ಗಾತ್ರದ ಬಳ್ಳಿಯ ತುಂಡೊಂದು ಸದಾ ನೇತಾಡುತ್ತಿತ್ತು. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳೊಪ್ಪತ್ತಿನಲ್ಲಿ ಅದು ಚಿಗುರಿ ಎಲೆ ಬಿಡುತ್ತಿತ್ತು. ಹೊಸಬರು ಬಾಯಿ ಬಿಟ್ಟುಕೊಂಡು ನೋಡಿದರೆ, “ಸಾಯೋಕೆ ಬರಲ್ಲ ಅದಕ್ಕೆ, ಅದಕ್ಕೇ ಆ ಹೆಸರು” ಎನ್ನುತ್ತಿದ್ದ.

ಕಸುಬು ಕಲಿಸಿದವಳು ಸೋದರತ್ತೆ. ಕಾಂಡದ ಮೇಲಿನ ಕಾಗದದಂಥ ಸಿಪ್ಪೆ ಉಜ್ಜಿ ತೆಗೆಯಬೇಕು, ಒಳಗಿನ ಹಸಿರು ಕಾಣುವಷ್ಟು ಮಾತ್ರ. ಗೇಣುದ್ದ ಕತ್ತರಿಸಿ, ಜಜ್ಜಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ನಾಲ್ಕು ಪಾಲು ನೀರು ಒಂದು ಪಾಲಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, ಮಂಡಿನೋವಿಗೆ, ಹಸಿವಾಗದ ಹೊಟ್ಟೆಗೆ ಜನ ಅದನ್ನು ಕುಡಿಯುತ್ತಿದ್ದರು. ತಕ್ಕಡಿ ಮುಟ್ಟಬೇಡ ಎಂದಿದ್ದಳು ಅತ್ತೆ. ಬೇಸಿಗೆಯ ಬಳ್ಳಿ ಬೇರೆ, ಮಳೆಗಾಲದ ಬಳ್ಳಿ ಬೇರೆ, ಎಳೆಯದು ಬೇರೆ, ಬಲಿತದ್ದು ಬೇರೆ. ಹದ ಗೊತ್ತಾಗುವುದು ನಾಲಿಗೆಗೆ ಮಾತ್ರ. ಕಹಿ ನಾಲಿಗೆಯ ತುದಿಗೆ ತಾಗಿ, ಬುಡಕ್ಕೆ ಇಳಿದು, ಗಂಟಲಲ್ಲಿ ಒಂದು ಗಳಿಗೆ ನಿಂತು ಹೋಗಬೇಕು. ನಿಂತರೆ ಹದ, ಕೂತುಬಿಟ್ಟರೆ ಜಾಸ್ತಿ. ಹಾಗಾಗಿ ಪಾತ್ರೆ ಇಳಿಸಿದ ಕೂಡಲೇ ಮೊದಲ ಲೋಟ ಮಾಡಿದವನದೇ. ತಾನು ಕುಡಿಯದೆ ಒಬ್ಬರಿಗೂ ಕೊಡುವಂತಿಲ್ಲ.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಹೊಸ ಗಿರಾಕಿ ಬಂದರೆ ಕಹಿಯಣ್ಣ ಅವರನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಜಗ್ಗಿ ನೋಡುತ್ತಿದ್ದ. ಕಣ್ಣು ಹಳದಿ ಇದ್ದವರಿಗೆ ಕಷಾಯವಿಲ್ಲ. “ನನ್ನ ಹತ್ರ ಅಲ್ಲ, ಆಸ್ಪತ್ರೆಗೆ ಹೋಗು.” ಬಸುರಿಯರಿಗೂ ಇಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೂ ಇಲ್ಲ. ಹೀಗೆ ಅವನು ವಾಪಸು ಕಳಿಸಿದವರ ಪೈಕಿ ಇಬ್ಬರು ಸಕಾಲಕ್ಕೆ ವೈದ್ಯರ ಕೈಸೇರಿ ಬದುಕಿದ್ದಾರೆ. ಅವರು ಬದುಕಿದ್ದು ಅವನು ಔಷಧಿ ಕೊಡದೆ ಇದ್ದದ್ದರಿಂದ.

ಕಳೆದ ವರ್ಷ ಮಳೆ ನಿಂತ ಮೇಲೆ ಅವನಿಗೇ ಜ್ವರ ಬಂತು. ಎಂಟು ದಿನ ಮಲಗಿದ. ಒಂಬತ್ತನೆಯ ದಿನ ಎದ್ದು ಮಳಿಗೆ ತೆರೆದು, ಬಳ್ಳಿ ಬೇಯಿಸಿ, ಮೊದಲ ಲೋಟ ಎತ್ತಿದ. ಬಾಯಿಗೆ ಬಿಸಿನೀರು ಹೋದಂತಾಯಿತು, ಅಷ್ಟೆ.

ಅವನು ನಾಲಿಗೆಯನ್ನು ಅನುಮಾನಿಸಲಿಲ್ಲ. ಬಳ್ಳಿಯನ್ನು ಅನುಮಾನಿಸಿದ. ಈ ಸಲದ ಮಳೆಗೆ ನೀರು ಕುಡಿದು ಸಪ್ಪೆಯಾಗಿದೆ ಎಂದುಕೊಂಡು ಇನ್ನೆರಡು ಹಿಡಿ ಹಾಕಿದ. ಮತ್ತೆ ಒಂದು ಲೋಟ. ಮತ್ತೆ ಎರಡು ಹಿಡಿ. ಆ ದಿನ ಮೊದಲ ಗಿರಾಕಿ ಬರುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ನಾಲ್ಕು ಲೋಟ ಇತ್ತು.

ಡಿಪೋದ ಡ್ರೈವರ್ ಕುಡಿದು ಕಂಬ ಹಿಡಿದುಕೊಂಡ. “ಕಹಿಯಣ್ಣ, ಇದನ್ನ ನನ್ನ ಡೀಸೆಲ್ ಟ್ಯಾಂಕಿಗೆ ಹಾಕಿದ್ರೆ ಬಸ್ಸು ತಾನಾಗೇ ಆಸ್ಪತ್ರೆ ಮುಂದೆ ಹೋಗಿ ನಿಲ್ಲುತ್ತೆ.”

“ಪಾನಕ ಬೇಕಿದ್ರೆ ಮುಂದಿನ ಬೀದಿಗೆ ಹೋಗಪ್ಪ” ಎಂದ ಕಹಿಯಣ್ಣ.

ಜನ ನಕ್ಕರು. ಮರುದಿನ ಸಾಲು ಇನ್ನೂ ಉದ್ದವಾಯಿತು. ಇಷ್ಟು ಕಹಿ ಇದ್ದರೆ ಗುಣವೂ ಅಷ್ಟೇ ಇರಬೇಕು ಎಂದು ಊರು ಮಾತಾಡಿಕೊಂಡಿತು. ಮೂಲೆಮನೆಯ ದರ್ಜಿಯಕ್ಕ, ಹೊಲಿಗೆ ಯಂತ್ರದ ಪೆಡಲು ತುಳಿದು ತುಳಿದು ಮಂಡಿ ಸವೆಸಿಕೊಂಡವಳು, ಒಂದರ ಬದಲು ದಿನಕ್ಕೆ ಎರಡು ಲೋಟ ಒಯ್ಯತೊಡಗಿದಳು. ಉಳಿದವರು ಸಣ್ಣ ಲೋಟದಲ್ಲಿ ಮುಖ ಕಿವುಚಿಕೊಂಡು ಕುಡಿದು ಹೋಗುತ್ತಿದ್ದರೆ, ಅವನು ದಿನಾ ಬೆಳಿಗ್ಗೆ ಕಳೆದುಹೋದ ಕಹಿಯನ್ನು ಹುಡುಕುತ್ತ ನಾಲ್ಕೋ ಐದೋ ದೊಡ್ಡ ಲೋಟ ಇಳಿಸುತ್ತಿದ್ದ. ಮೊಳೆಯ ಮೇಲಿನ ತುಂಡು ಆ ಚಳಿಗಾಲದಲ್ಲಿ ಎಂದೂ ಇಲ್ಲದಷ್ಟು ಬೆಳೆಯಿತು. ಎಳೆ ಕುಡಿ ಗೋಡೆಗುಂಟ ಇಳಿದು ಅವನು ಕೂರುವ ಸ್ಟೂಲಿನ ತನಕ ಬಂತು.

ಒಂದು ತಿಂಗಳಿಗೆ ಅವನಿಗೆ ನಿಜ ಗೊತ್ತಾಯಿತು. ನಿಂಬೆಹಣ್ಣು ಕಚ್ಚಿದ, ಹಸಿಮೆಣಸು ಅಗಿದ. ಮೆಣಸು ಉರಿಯಿತು, ರುಚಿ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಕಣ್ಣು ಹೋದ ಡ್ರೈವರನ ಬಸ್ಸಿಗೆ ಯಾರು ಹತ್ತುತ್ತಾರೆ? ರುಚಿ ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾಯುತ್ತ, ಕೈಯಂದಾಜಿನ ಮೇಲೆ ಬೇಯಿಸಿದ. ಆದರೆ ಕೈಯಂದಾಜು ಆ ಹೊತ್ತಿಗೆ ಎರಡು ಪಟ್ಟು ದಾಟಿತ್ತು.

ಮೈ ತುರಿಕೆ ಶುರುವಾಯಿತು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಒಂದು ಬೆಳಿಗ್ಗೆ, ಸ್ಟೇರಿಂಗ್ ಮುಂದೆ ಕೂತಿದ್ದ ಡ್ರೈವರನಿಗೆ ಲೋಟ ಎತ್ತಿ ಕೊಡುವಾಗ, ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಯಾರೋ ತನ್ನನ್ನು ನೋಡುತ್ತಿದ್ದಂತೆ ಕಂಡಿತು. ಹಳದಿ ಕಣ್ಣು. ಆ ಕಣ್ಣಿನ ಗಿರಾಕಿ ಬಂದಿದ್ದರೆ ಏನು ಹೇಳುತ್ತಿದ್ದ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಸಂಜೆ ಕಪ್ಪು ಕನ್ನಡಕ ಕೊಂಡ.

“ಏನಯ್ಯಾ, ಮದುವಣಿಗನ ಥರ?” ಎಂದ ಹಳೇ ಪುಸ್ತಕದ ಅಂಗಡಿಯ ಗೆಳೆಯ.

“ಬಿಸಿಲು” ಎಂದ ಕಹಿಯಣ್ಣ. ಮೋಡ ಕವಿದ ದಿನ ಅದು. ಮೂವತ್ತು ವರ್ಷದಿಂದ ಗೆಳೆಯನಾದವನು ಅದನ್ನೂ ನಗುವಿಗೇ ಬಿಟ್ಟುಬಿಟ್ಟ.

ಹಾಗೆ ಬಿಡದವಳು ತಂಗಿ. ಅವಳು ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದು ಭಾನುವಾರ ಅಣ್ಣನ ಮನೆಗೆ ಬಂದು ಚಹಾ ಮಾಡಿ ಕೊಟ್ಟಳು.

“ಸಕ್ಕರೆ ಸರಿಯಾಯ್ತಾ?”

“ಯಾವಾಗಿನ ಹಾಗೇ. ಜಾಸ್ತಿ.”

“ಹಾಕೇ ಇಲ್ಲ ಅಣ್ಣ.”

ಅವನು ಲೋಟ ಕೆಳಗಿಟ್ಟ. ಅವಳು ಕೈಚಾಚಿ ಕನ್ನಡಕ ತೆಗೆದಳು. ಆಮೇಲೆ ಚೀಲದಿಂದ ಸಿರಿಂಜು ತೆಗೆದಳು. ಅದನ್ನು ಮನೆಯಿಂದಲೇ ತಂದಿದ್ದಳು.

ಮರುದಿನ ಫಲಿತಾಂಶ ಓದಿ ಹೇಳುವಾಗ ಅವಳ ದನಿ ಅವನೇ ಗಿರಾಕಿಗೆ ಹೇಳುವ ದನಿಯಂತಿತ್ತು. “ಅಂಗಡಿ ಮುಚ್ಚು. ಇವತ್ತೇ ಬಂದು ಅಡ್ಮಿಟ್ ಆಗು.”

“ನಾಳೆ ಎಲ್ಲರಿಗೂ ಹೇಳಿಬಿಟ್ಟು ಬರ್ತೀನಿ.”

“ನಾಳೆ ಹೇಳ್ತೀಯಾ?”

“ಹೇಳ್ತೀನಮ್ಮ.”

ಮರುದಿನ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಬಳ್ಳಿಯನ್ನು ಕಾಲುಭಾಗಕ್ಕೆ ಇಳಿಸಿದ, ಮೊದಲ ಲೋಟ ಮಾತ್ರ ಬಿಡಲಿಲ್ಲ. ಜನ ಎಂದಿನಂತೆ ಬಂದರು. ಮೂರನೆಯ ದಿನ ಗಮನಕ್ಕೆ ಬಂದದ್ದು ಒಂದು ವಿಷಯ: ಆ ವಾರದಲ್ಲಿ ದರ್ಜಿಯಕ್ಕ ಒಮ್ಮೆಯೂ ಬಂದಿರಲಿಲ್ಲ. ಇಸ್ತ್ರಿಯವನನ್ನು ಕೇಳಿದ. “ಮನೆಗೆ ಬೀಗ ಹಾಕಿದೆ. ಹುಷಾರಿಲ್ಲ ಅಂತ ಯಾರೋ ಅಂತಿದ್ರು” ಎಂದ ಅವನು, ಅಂಗಿಯ ಕಾಲರಿನಿಂದ ಕಣ್ಣೆತ್ತದೆ.

ಕಹಿಯಣ್ಣ ಒಳಗೆ ಬಂದು ಪಾತ್ರೆಯ ಎರಡೂ ಹಿಡಿ ಹಿಡಿದು ಎತ್ತಿ, ಕುದಿಯುತ್ತಿದ್ದ ಕಷಾಯವನ್ನು ಮೋರಿಗೆ ಸುರಿದ. ಹಬೆ ಎದ್ದು ಸಾಲಿನಲ್ಲಿದ್ದವರು ಹಿಂದೆ ಸರಿದರು. ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ.

“ನನಗೆ ರುಚಿ ಸತ್ತು ನಾಲ್ಕು ತಿಂಗಳಾಯ್ತು” ಎಂದ. “ನಿಮಗೆ ಏನು ಕೊಟ್ಟಿದ್ದೀನೋ ನನಗೇ ಗೊತ್ತಿಲ್ಲ. ಎಲ್ಲರೂ ರಕ್ತ ಕೊಡಿ. ನನ್ನ ತಂಗಿ ನೋಡ್ತಾಳೆ.”

ಯಾರೂ ಬೈಯಲಿಲ್ಲ. ಡ್ರೈವರ್ ಖಾಲಿ ಲೋಟವನ್ನು ಸದ್ದಾಗದಂತೆ ಕೌಂಟರಿನ ಮೇಲಿಟ್ಟ. ಕಹಿಯಣ್ಣನನ್ನು ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ, ಡ್ಯೂಟಿ ಬಸ್ಸಿನಲ್ಲೇ.

ಬಳ್ಳಿಯೇ ಕಾರಣವೋ, ಅದರ ಜೊತೆ ಬೇರೇನಾದರೂ ಸೇರಿತ್ತೋ, ಜ್ವರದಲ್ಲೇ ಲಿವರ್ ಸೋತಿತ್ತೋ, ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಇಷ್ಟು ದಿನ, ಇಷ್ಟು ಗಟ್ಟಿ, ಇಷ್ಟು ಲೋಟ ಯಾರೂ ಕುಡಿಯಬಾರದಿತ್ತು ಎಂದಷ್ಟೇ ಹೇಳಿದರು. ತಂಗಿ ದಿನಾ ಸಂಜೆ ಮಂಚದ ಪಕ್ಕ ನಿಂತು ಒಬ್ಬೊಬ್ಬರ ಹೆಸರು ಓದುತ್ತಿದ್ದಳು. ಡ್ರೈವರ್, ಸರಿಯಿದ್ದಾನೆ. ಇಸ್ತ್ರಿಯವನು, ಸರಿಯಿದ್ದಾನೆ. ಮೂವತ್ತೊಂದು ಹೆಸರು ಮುಗಿದವು.

“ದರ್ಜಿಯಕ್ಕ?”

“ಇನ್ನೂ ಬಂದಿಲ್ಲ ಅಣ್ಣ.”

ಅವನು ಮುಖ ಗೋಡೆಗೆ ತಿರುಗಿಸುತ್ತಿದ್ದ. ಕೊನೆಯ ಎರಡು ದಿನ ಕಣ್ಣು ಮುಚ್ಚಿಯೇ ಮಲಗಿದ್ದ, ಬಾಗಿಲಲ್ಲಿ ಹೆಂಗಸರ ಹೆಜ್ಜೆ ಕೇಳಿದರೆ ಮಾತ್ರ ಕತ್ತು ಹೊರಳುತ್ತಿತ್ತು.

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ದರ್ಜಿಯಕ್ಕ ಬಂದಳು. ಕೈಯಲ್ಲಿ ಊರಿಗೆ ಒಯ್ದಿದ್ದ ಚೀಲ, ಬಸ್ಸಿಳಿದು ನೇರ ಬಂದಿದ್ದಳು. ಹುಷಾರು ತಪ್ಪಿದ್ದು ಅವಳ ಅಕ್ಕನಿಗೆ. ಆರೈಕೆಗೆಂದು ಅಲ್ಲೇ ಉಳಿದಿದ್ದಳು. ಮಂಚದ ಪಕ್ಕ ಕೂತು, ಸೆರಗಿನ ತುದಿ ತಿರುಚುತ್ತ ಹೇಳಿದಳು:

“ಕಹಿಯಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಷಾಯ ನಾನು ಕುಡೀತಾನೇ ಇರಲಿಲ್ಲ. ಶುರುವಲ್ಲಿ ನಾಲ್ಕು ದಿನ ಕುಡಿದೆ, ಆಗಲಿಲ್ಲ. ನೀವು ಮಂಡಿ ಹೇಗಿದೆ ಅಂತ ಮರ್ಯಾದೆಯಿಂದ ಕೇಳ್ತಿದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅನುಮಾನ ಬರದ ಹಾಗೆ ದಿನಾ ಎರಡು ಲೋಟ ತಗೊಂಡು ಹೋಗಿ ಮೋರಿಗೆ ಹಾಕ್ತಿದ್ದೆ. ಅವತ್ತೇ ಹೇಳಿದ್ರೆ...”

ಅವನ ಎದೆ ಅಲುಗಿತು. ನಗುತ್ತಿದ್ದಾನೆ ಎಂದು ತಂಗಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಆದರೂ ಅವನು ಮಾತನ್ನು ನಂಬಿ ಕೂರುವವನಲ್ಲ. ಬಾ ಎಂದು ಬೆರಳಲ್ಲಿ ಸನ್ನೆ ಮಾಡಿದ. ದರ್ಜಿಯಕ್ಕ ಬಗ್ಗಿದಳು. ಕಿಟಕಿಯ ಬೆಳಕು ಬೀಳುವಂತೆ ಅವಳ ಗಲ್ಲ ತಿರುಗಿಸಿದ. ಹೆಬ್ಬೆರಳನ್ನು ಅವಳ ಕೆಳಗಿನ ರೆಪ್ಪೆಯ ಮೇಲಿಟ್ಟು, ಮೆಲ್ಲಗೆ ಜಗ್ಗಿ, ಬಿಳಿಯನ್ನು ನೋಡಿದ. ಆಮೇಲೆ ಇನ್ನೊಂದು ಕಣ್ಣನ್ನೂ ನೋಡಿದ.