ವಂಕಿ ಗೌರಕ್ಕ

ಕಲ್ಲೋಳಿಯಲ್ಲಿ ಕೂಸು ಹುಟ್ಟಿದ ಮನೆಗೆ ಎಲ್ಲರೂ ಅಂಗಿ, ಕುಂಚಿಗೆ ತಂದರೆ ಗೌರಕ್ಕ ಬುದ್ಧಿಮಾತು ತರುತ್ತಾಳೆ. "ಮುಂದಿನ ಕೂಸಿಗೆ ಅವಸರ ಮಾಡಬ್ಯಾಡ ತಂಗಿ, ವಂಕಿ ಹಾಕಿಸ್ಕೊ. ಬೇಕಾದಾಗ ತಗಿಸಾಕ ಬರ್ತೈತಿ." ವಂಕಿಯೆಂದರೆ ಕಾಪರ್-ಟಿ; ತೋಳಿನ ಒಡವೆಯೆಂದು ತಿಳಿದು ಖುಷಿಪಟ್ಟ ಸೊಸೆಯಂದಿರೂ ಇದ್ದಾರೆ. ಬಸ್ಸಿನಲ್ಲಿಯೂ ಆಕೆ ಇದನ್ನೇ ಗಟ್ಟಿಯಾಗಿ ಹೇಳುವಾಗ ಗಂಡಸರು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಕೂರುತ್ತಾರೆ. ಅಂಜುವವರ ಜೊತೆ ಮೂಡಲಗಿಯ ಆಸ್ಪತ್ರೆಗೆ ತಾನೇ ಹೋಗಿ, ಕೆಲಸ ಮುಗಿಯುವತನಕ ಅವರ ಕೈ ಹಿಡಿದಿರುತ್ತಾಳೆ. ಹೋದ ವಾರ ಬಾಜೂಮನೆಯ ದಾನೇಶ್ವರಿ ಎಳೆಗೂಸನ್ನೆತ್ತಿಕೊಂಡು ಆಕೆಯೊಡನೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಗೌರಕ್ಕಾ, ನೀ ಆರು ಹಡದಿ. ನನ್ನ ಸೊಸಿಗಿ ಎರಡನೇದು ಯಾಕ ತಡಾ ಮಾಡಸ್ತಿ?" ಗೌರಕ್ಕ ಕಟ್ಟೆಯ ಮೇಲೆ ಕುಳಿತು ಹೇಳಿದಳು: "ಹಿರೇಮಗಳು ಬಸರಾಗಿ ಕುಬಸ ಮಾಡಿದಾಗ ನಾನೂ ಬಸರಿದ್ನೆವ್ವಾ. ನಾಚಿಕಿಯಾಗಿ ಅಡಗಿಮನ್ಯಾಗ ಕುಂತೆ. ಮಗಳ ಉಡಿ ತುಂಬಾಕೂ ಹೊರಗ ಬರಲಿಲ್ಲ." ಅತ್ತೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ ಸೊಸೆಯ ಕಂಕುಳಿನಿಂದ ಕೂಸನ್ನು ಎತ್ತಿಕೊಂಡು, "ಹೋಗಿ ಬರ್ರಿ, ಇದನ್ನ ನಾ ನೋಡ್ಕೋತೀನಿ," ಎಂದಳು.