ಕನ್ನಡಿಯೊಳಗಿನ ನೀಲಿ ಹೊಗೆ

ಸ್ಕೂಟರಿಗೆ ಕನ್ನಡಿ ಕೊಟ್ಟಿರುವುದು ಹಿಂದೆ ಬರುವ ಲಾರಿ ನೋಡಿಕೊಳ್ಳಲಿ ಎಂದು. ನಾನು ಅದರಲ್ಲಿ ನೋಡುವುದು ನನ್ನದೇ ಹೊಗೆಯನ್ನು. ಬೆಳಿಗ್ಗೆ ಗೋವೆಯ ಡಿಚೋಲಿಯ ಮನೆಯಿಂದ ಕುಂಡಯಿಯ ಕಾರ್ಖಾನೆಗೆ ಹೊರಟು, ಓಣಿ ದಾಟಿ ದೊಡ್ಡ ರಸ್ತೆಗೆ ಬಿದ್ದ ಕೂಡಲೇ ನನ್ನ ಕಣ್ಣು ಮುಂದಿನ ದಾರಿ ಬಿಟ್ಟು ಕನ್ನಡಿಗೆ ಹೋಗುತ್ತದೆ. ಹೀಗೆ ಓಡಿಸಿದರೆ ಒಂದು ದಿನ ಯಾವುದಾದರೂ ಟಿಪ್ಪರಿನ ಕೆಳಗೆ ಸೇರುವುದು ಖಂಡಿತ ಎಂದು ಹೆಂಡತಿ ರೇಣುಕಾ ಹೇಳುತ್ತಲೇ ಇದ್ದಾಳೆ. ಚಟ ಮಾತ್ರ ಬಿಟ್ಟಿಲ್ಲ. ಹೊಗೆಯ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ. ನಡುವೆ ಅಪ್ಪ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಹೊಗೆಯಲ್ಲಿ ಅವನೂ ಇದ್ದಾನೆ.

ನಮ್ಮ ಸ್ಕೂಟರು ಹಳೆಯದು. ಅದರ ಮೂಲ ಬಣ್ಣ ಯಾವುದೆಂದು ಕಾಗದಪತ್ರ ನೋಡಿಯೇ ಹೇಳಬೇಕು. ಆದರೂ ಅದು ಎಂದೂ ಮೈಗಳ್ಳತನ ಮಾಡಿದ್ದಿಲ್ಲ. ಕಳೆದ ವರ್ಷ ಚೌತಿ ಮುಗಿದ ಮೇಲೆ ನೀಲಿ ಹೊಗೆ ಬಿಡತೊಡಗಿತು. ನನಗೆ ಗೊತ್ತೇ ಆಗಿರಲಿಲ್ಲ, ಏಕೆಂದರೆ ಹೊಗೆ ಬಿಡುವವನು ಯಾವಾಗಲೂ ಹೊಗೆಯ ಮುಂದೆ ಇರುತ್ತಾನೆ. ಒಬ್ಬರು ಬೈಕನ್ನು ಪಕ್ಕಕ್ಕೆ ತಂದು, "ಪಾತ್ರಾಂವ್, ಧುಂವರ್!" ಎಂದು ಹಿಂದಕ್ಕೆ ಕೈ ತೋರಿಸಿ ಹೋದರು. ಧುಂವರ್ ಎಂದರೆ ಕೊಂಕಣಿಯಲ್ಲಿ ಹೊಗೆ. ಪಾತ್ರಾಂವ್ ಎಂದರೆ ಯಜಮಾನ. ಇಷ್ಟು ಮರ್ಯಾದೆಯಿಂದ ಬೈಸಿಕೊಳ್ಳುವ ಭಾಗ್ಯ ಗೋವೆಯಲ್ಲಿ ಮಾತ್ರ. ಆಮೇಲೆ ದಿನವೂ ಯಾರಾದರೊಬ್ಬರು ಹೇಳತೊಡಗಿದರು. ಮೀನಿನ ಬುಟ್ಟಿ ಕಟ್ಟಿಕೊಂಡವರು ಹೇಳಿದರು, ಮಗುವನ್ನು ಶಾಲೆಗೆ ಬಿಡಲು ಹೊರಟ ತಾಯಿಯೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಏನೂ ಹೇಳದೆಯೇ ಹೇಳಿದಳು. ಕನ್ನಡಿಯ ಚಟ ಅಂಟಿದ್ದು ಆಗ.

ಧಾರವಾಡದಲ್ಲಿ ಬಿ.ಎ. ಓದುವಾಗ ನಮಗೊಬ್ಬ ತರ್ಕಶಾಸ್ತ್ರದ ಮಾಸ್ತರರಿದ್ದರು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬೇಕು ಎಂಬ ಒಂದೇ ಉದಾಹರಣೆಯಲ್ಲಿ ಅವರು ವರ್ಷ ಕಳೆದರು. ಹೊಗೆಯ ಬಣ್ಣ ಯಾವುದೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಣ್ಣದ ವಿದ್ಯೆ ನನಗೆ ಸಿಕ್ಕಿದ್ದು ಸಾಂಖಳಿಯಲ್ಲಿ ಗ್ಯಾರೇಜು ಇಟ್ಟಿರುವ ಬಸುನಿಂದ. ಅವನು ನಮ್ಮ ಮುದ್ದೇಬಿಹಾಳದ ಕಡೆಯವನು. ಹೊಗೆ ಕಪ್ಪಾದರೆ ಗಾಡಿ ಪೆಟ್ರೋಲು ಅತಿಯಾಗಿ ಕುಡಿಯುತ್ತಿದೆ, ನೀಲಿಯಾದರೆ ಎಣ್ಣೆ ಸುಡುತ್ತಿದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ಭುಸ್ಸೆಂದು ನೀಲಿ ಬಿಟ್ಟು ಸುಮ್ಮನಾದರೆ ಅದು ವಾಲ್ವಿನ ಸೀಲು. ಎಕ್ಸಿಲರೇಟರ್ ತಿರುವಿದಾಗಲೆಲ್ಲ ಬಿಟ್ಟರೆ ಪಿಸ್ಟನ್ನಿನ ರಿಂಗು. ನಮ್ಮದು ಯಾವ ಪಂಥಕ್ಕೂ ಸೇರದೆ ಎರಡೂ ಹೊತ್ತು ಬಿಡುತ್ತಿತ್ತು. ಪ್ಲಗ್ಗು ಬಿಚ್ಚಿ ನೋಡಿದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು.

ಬಸು ಮೊದಲು ಸೀಲು ಬದಲಿಸಿದ. ಗ್ಯಾರೇಜಿನಲ್ಲಿ ಹೊಸ ಪೆಟ್ರೋಲು ಹಾಕಿ ಓಡಿಸಿದರೆ ಒಂದು ಎಳೆ ಹೊಗೆಯಿಲ್ಲ. ಮನೆಗೆ ತಂದು ವಾರವಾಗುವುದರೊಳಗೆ ಮತ್ತೆ ಶುರು. ಎರಡನೇ ಸಲ ಎಂಜಿನ್ ಇಳಿಸಿ ರಿಂಗು ಹಾಕಿದ. ಮತ್ತೆ ಅಲ್ಲಿ ಸ್ವಚ್ಛ, ಇಲ್ಲಿ ಹೊಗೆ. ಡಾಕ್ಟರ ಮುಂದೆ ಹೋದ ಕೂಡಲೇ ಜ್ವರ ಇಳಿಯುವ ಮಕ್ಕಳ ಹಾಗೆ ನಮ್ಮ ಸ್ಕೂಟರು ಬಸುನ ಮುಂದೆ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿತು. ರೇಣುಕಾ ಇದು ದೃಷ್ಟಿಯೇ ಸರಿ ಎಂದು ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ನಾನು ನಕ್ಕೆ, ಆದರೆ ಬಿಚ್ಚಲಿಲ್ಲ. ಮೂರನೇ ಸಲ ಬಸು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎತ್ತಿ ನೋಡಿ, ಒರೆಸಿ, ಮತ್ತೆ ಅದ್ದಿ ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಸುಡೂದು ಖರೇ ಇದ್ರ ಎಣ್ಣಿ ಕಡಿಮಿ ಆಗಬೇಕಲ್ರಿ? ಹಾಕಿದ್ದು ಹಾಕಿದಂಗ ಐತಿ. ಮತ್ತ ಈ ಹೊಗಿ ಎಲ್ಲಿಂದ ಬರಾಕತ್ತೈತಿ?"

ಈ ಪ್ರಶ್ನೆಗೆ ನಮ್ಮ ತರ್ಕಶಾಸ್ತ್ರದ ಮಾಸ್ತರರೂ ಉತ್ತರ ಕೊಡುತ್ತಿರಲಿಲ್ಲ.

ಇಷ್ಟು ಹೊತ್ತಿಗೆ ಅಪ್ಪ ಬರಬೇಕು. ಅಪ್ಪ ಗೌಂಡಿ. ಗೋವೆಗೆ ಬಂದ ಮೇಲೆ ಅವನು ಕಟ್ಟಿದ ಗೋಡೆಗಳ ಮಗ್ಗುಲಲ್ಲಿ ನಾವು ಈಗಲೂ ಓಡಾಡುತ್ತೇವೆ. ಅವ್ವ ತೀರಿಕೊಂಡಾಗಿನಿಂದ ನಮ್ಮ ಜೊತೆ ಇದ್ದಾನೆ. ಕೆಲಸ ಬಿಟ್ಟ ಮೇಲೆ ಅವನ ಕೈಗೆ ಉಳಿದದ್ದು ಒಂದೇ ಕೆಲಸ, ಬೆಳಿಗ್ಗೆ ಎದ್ದು ನನ್ನ ಸ್ಕೂಟರು ಒರೆಸುವುದು. ನಾನು ಸ್ನಾನಕ್ಕೆ ಹೋದಾಗ ಅಂಗಳದಿಂದ ಸ್ಟ್ಯಾಂಡಿನ ಕಿರ್ ಕಿರ್ ಸದ್ದು ಕೇಳಿಸುತ್ತಿತ್ತು. ಮಾವನೋರು ಎಷ್ಟು ಜೋರು ಒರಸ್ತಾರ ನೋಡ್ರಿ ಎಂದು ರೇಣುಕಾ ಮೆಚ್ಚುತ್ತಿದ್ದಳು. ಕೆಲವೊಮ್ಮೆ ಅಪ್ಪ ಅವಳನ್ನು ನನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದ. ಒಂದು ದಿನ ಸಂಜೆ ತಿರುಗಾಡಲು ಹೋದವನು ಯಾವಾಗಲೋ ಮುಗಿದುಹೋದ ಕಟ್ಟಡದ ಮುಂದೆ ನಿಂತು, ಆಳುಗಳು ಇನ್ನೂ ಬಂದಿಲ್ಲವೆಂದು ಸಿಟ್ಟು ಮಾಡಿದ್ದನಂತೆ. ವಯಸ್ಸಾಯಿತು ಎಂದೆವು. ವಯಸ್ಸು ಎಂಬುದು ಬಹಳ ಅನುಕೂಲದ ಶಬ್ದ. ಅದನ್ನು ಹೇಳಿದ ಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ.

ಒಂದು ಬೆಳಿಗ್ಗೆ ನಳದಲ್ಲಿ ನೀರು ಬರಲಿಲ್ಲ. ಸ್ನಾನ ತಪ್ಪಿ, ಟವಲು ಹೆಗಲ ಮೇಲೆ ಹಾಕಿಕೊಂಡು ಅಂಗಳಕ್ಕೆ ಬಂದೆ. ಅಪ್ಪ ಸ್ಕೂಟರಿನ ಸೀಟು ಎತ್ತಿ, ಪೆಟ್ರೋಲಿನ ಮುಚ್ಚಳ ತೆಗೆದಿದ್ದ. ಒರೆಸುವ ಅರಿವೆಯಲ್ಲಿ ಸುತ್ತಿಟ್ಟಿದ್ದ ಒಂದು ಬಾಟಲಿಯಿಂದ ಅದರದೇ ಮುಚ್ಚಳದ ತುಂಬ ಎಣ್ಣೆ ಅಳೆದು, ಒಂದು ಹನಿ ಚೆಲ್ಲದೆ ಟಾಕಿಗೆ ಸುರಿದ. ಇನ್ನೊಂದು ಮುಚ್ಚಳ. ಮತ್ತೊಂದು. ಆಮೇಲೆ ಸೀಟು ಮುಚ್ಚಿ, ಎರಡೂ ಕೈಯಿಂದ ಗಾಡಿ ಹಿಡಿದು ಆಚೀಚೆ ಅಲ್ಲಾಡಿಸಿದ. ಕಿರ್ ಕಿರ್.

ಹಿಂದೆ ನಮ್ಮಲ್ಲೊಂದು ಟೂ-ಸ್ಟ್ರೋಕ್ ಸ್ಕೂಟರಿತ್ತು. ಅಪ್ಪ ಮೇಸ್ತ್ರಿಯಾದಾಗ ಕೊಂಡದ್ದು. ಈಗಿನ ಗಾಡಿಗಳ ಹಾಗಲ್ಲ, ಆ ಕಾಲದ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು. ಬೆರೆಸಿ, ಗಾಡಿಯನ್ನು ಅಲ್ಲಾಡಿಸಿ ಕಲಸಬೇಕಿತ್ತು. ಉಸುಕಿಗೆ ಸಿಮೆಂಟು ಬೆರೆಸುವ ಮನುಷ್ಯನಿಗೆ ಇದು ಹೇಳಿ ಮಾಡಿಸಿದ ಕೆಲಸ. ಅವನು ಅಳತೆ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಗಾಡಿಯೂ ಸದಾ ನೀಲಿ ಹೊಗೆ ಬಿಡುತ್ತಿತ್ತು. ಆಗ ಅದನ್ನು ಯಾರೂ ರೋಗ ಎನ್ನಲಿಲ್ಲ. ಗಾಡಿ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಎಣ್ಣೆ ಮಾತ್ರ ಪೆಟ್ರೋಲ್ ಪಂಪಿನಲ್ಲಿ ಈಗಲೂ ಸಿಗುತ್ತದೆ, ಪಂಪು ಅಪ್ಪನ ಸಂಜೆಯ ತಿರುಗಾಟದ ದಾರಿಯಲ್ಲೇ ಇದೆ.

"ಅಪ್ಪಾ, ಏನ್ ಮಾಡಾಕತ್ತೀ?" ಎಂದೆ.

"ಎಣ್ಣಿ ಹಾಕಾಕತ್ತೇನಪಾ. ನೀ ಭಾಳ ಮರೀತಿ, ತಮ್ಮಾ. ಅದಕ್ಕ ದಿನಾ ನಾನೇ ಹಾಕ್ತೇನಿ."

ನೀ ಭಾಳ ಮರೀತಿ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ, ಅಪ್ಪನನ್ನು ಡಾಕ್ಟರಿಗೆ ತೋರಿಸಬೇಕು ಎಂದು ರೇಣುಕಾಳಿಗೆ ಹೇಳಿದೆ.

ಮಾಪ್ಸಾದ ಡಾಕ್ಟರು ಬಹಳ ಸಮಾಧಾನದಿಂದ ನೋಡಿದರು. ಇವತ್ತು ಯಾವ ವಾರ, ಊಟಕ್ಕೆ ಏನಿತ್ತು ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ತಪ್ಪು ಉತ್ತರಗಳನ್ನೆಲ್ಲ ಬಹಳ ವಿಶ್ವಾಸದಿಂದ ಕೊಟ್ಟ. ಇದು ಸರಿಹೋಗುವುದಿಲ್ಲ, ನಿಧಾನ ಮಾಡಲು ನೋಡಬಹುದು ಅಷ್ಟೇ ಎಂದರು. ದಾರಿಯುದ್ದಕ್ಕೂ ನನಗೆ ಸೀಲು, ರಿಂಗು ನೆನಪಾದವು. ಇವೆರಡರಲ್ಲಿ ಒಂದು ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಬಸು ತರಿಸಿ ಹಾಕುತ್ತಿದ್ದ.

ಈಗ ಎಣ್ಣೆಯ ಪ್ರಶ್ನೆ. ಬಾಟಲಿ ಬಚ್ಚಿಡುವುದು, ಗಾಡಿಯ ಕೀಲಿಯನ್ನು ಗೂಟದಿಂದ ತೆಗೆದಿಡುವುದು ಎಲ್ಲವೂ ಸುಲಭ. ರೇಣುಕಾ ಹಾಗೇ ಮಾಡೋಣ ಎಂದಳು, ಎರಡು ದಿನ ಮಾಡಿದೆವು. ಆ ಎರಡು ದಿನವೂ ಅಪ್ಪ ಒಗೆದ ಅರಿವೆ ಕೈಯಲ್ಲಿ ಹಿಡಿದು ಬಾಗಿಲು, ಅಂಗಳ, ಗೂಟ, ಮತ್ತೆ ಬಾಗಿಲು ಎಂದು ಮಧ್ಯಾಹ್ನದವರೆಗೂ ಸುತ್ತಿದನಂತೆ. ಅನ್ನ ಮುಟ್ಟಲಿಲ್ಲ. ಅವನಿಂದ ನಾವು ಕಸಿದುಕೊಂಡದ್ದು ಬಾಟಲಿಯನ್ನಲ್ಲ, ಬೆಳಗನ್ನು. ಈ ಮಾತನ್ನು ಹೋಗಿ ಬಸುನ ಮುಂದೆ ಹೇಳಿಕೊಂಡೆ. ಎರಡು ಸಲ ಎಂಜಿನ್ ಬಿಚ್ಚಿದ ಸಿಟ್ಟು ಅವನಿಗಿರಬೇಕಿತ್ತು. ಅವನು ಕೈಗೆ ಮೆತ್ತಿದ ಗ್ರೀಸು ಒರೆಸಿಕೊಂಡ.

"ಮೂರರ ಬದಲಿ ಒಂದು ಮುಚ್ಚಳ ಆಗೂವಂಗ ನೋಡ್ರಿ," ಎಂದ. "ಪ್ಲಗ್ ನಾ ಆಗಾಗ ಒರಿಸಿಕೊಡ್ತೇನಿ. ಮುದುಕ ಹಾಕ್ಲಿ ಬಿಡ್ರಿ."

ಹಾಗೆ ನಾನು ದೊಡ್ಡ ಬಾಟಲಿ ತೆಗೆದು ಚಿಕ್ಕ ಮುಚ್ಚಳದ ಬಾಟಲಿ ಇಟ್ಟೆ. ಅದರ ಮೂರು ಮುಚ್ಚಳ ಹಳೆಯದರ ಒಂದಕ್ಕೆ ಸಮ. ಅಪ್ಪ ಮೊದಲಿನಂತೆ ಹಾಕಿದ, ಅಲ್ಲಾಡಿಸಿದ, ಅನ್ನ ಉಂಡ. ಊರಿನ ಗಾಳಿಗೆ ಅನ್ಯಾಯ ಮಾಡುತ್ತಿದ್ದೇನೆಂಬುದು ನನಗೆ ಗೊತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡ ಆ ತಾಯಿಗೆ ಏನು ಉತ್ತರ ಹೇಳಲಿ? ಆದರೆ ಕನ್ನಡಿಯಲ್ಲಿ ತೆಳ್ಳಗೆ ನೀಲಿ ಕಂಡರೆ ನನಗೆ ಧೈರ್ಯ ಬರುತ್ತಿತ್ತು. ಇವತ್ತೂ ಅಪ್ಪ ಇದ್ದಾನೆ ಎಂದುಕೊಂಡು ಮುಂದಿನ ರಸ್ತೆ ನೋಡುತ್ತಿದ್ದೆ. ಜನ ಹೊಗೆ ನಿಲ್ಲಲಿ ಎಂದು ಗ್ಯಾರೇಜಿಗೆ ಹೋಗುತ್ತಾರೆ. ನಾನು ಅದು ನಿಲ್ಲದಿರಲಿ ಎಂದು ದಾರಿಯ ಗುಡಿಗಳಿಗೆ ಕೈ ಮುಗಿಯುತ್ತಿದ್ದೆ.

ಈ ಬೇಸಿಗೆಯಲ್ಲಿ ಅದು ಇನ್ನೂ ತೆಳ್ಳಗಾಯಿತು. ಹೊಸ ಪ್ಲಗ್ಗಿನ ಗುಣವಿರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ಸೇತುವೆಯ ಮೇಲೆ ಕನ್ನಡಿ ನೋಡಿದರೆ ಖಾಲಿ ರಸ್ತೆ, ಹಿಂದೆ ಬರುವ ಬಸ್ಸು, ಬಿಸಿಲು. ಗಾಡಿ ನಿಲ್ಲಿಸಿ ಇಳಿದು, ಹಿಂದೆ ಹೋಗಿ ನಿಂತು ನೋಡಿದೆ. ಎಳೆಯಷ್ಟೂ ಹೊಗೆಯಿಲ್ಲ. ಎಂಜಿನ್ನು ಹೊಸದರಂತೆ ಗುನುಗುತ್ತಿತ್ತು.

ಸಂಜೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಬಾಟಲಿ ಹಿಡಿದು ಕೂತಿದ್ದ. ಅದು ತುಂಬಿತ್ತು.

"ತಮ್ಮಾ, ಇದು ಯಾತರದು? ತಲಿಗಿ ಹಚ್ಚೂದೇನು?"

ಅಲ್ಲ ಎಂದೆ. ಬಾಟಲಿ ಇಸಿದುಕೊಂಡು ಅರಿವೆಯಲ್ಲಿ ಸುತ್ತಿಟ್ಟೆ.

ಮರುದಿನ ಸ್ನಾನಕ್ಕೆ ಮೊದಲೇ ಅವನನ್ನು ಕೈ ಹಿಡಿದು ಅಂಗಳಕ್ಕೆ ಕರೆತಂದೆ. ಸೀಟು ಎತ್ತಿ, ಒಂದು ಮುಚ್ಚಳ ಎಣ್ಣೆ ಅಳೆದು ನಾನೇ ಹಾಕಿದೆ. ಒಂದಿಷ್ಟು ಚೆಲ್ಲಿತು ಕೂಡ. ಅವನು ನೆರೆಮನೆಯ ಕೆಲಸ ನೋಡುವವನ ಹಾಗೆ ನಿಂತಿದ್ದ. ನಾನು ಸೀಟು ಮುಚ್ಚಿದ ಮೇಲೆ ಅವನ ಕೈಗಳು ತಾವಾಗಿಯೇ ಮುಂದೆ ಬಂದವು. ಗಾಡಿ ಹಿಡಿದು ಆಚೀಚೆ ಅಲ್ಲಾಡಿಸಿದ.

"ಕಲಸಬೇಕಪಾ," ಎಂದ. "ಕಲಸದಿದ್ರ ತಳದಾಗ ಕುಂದರತೈತಿ."

ಈಗ ದಿನವೂ ಎಣ್ಣೆ ನನ್ನದು, ಕಲಸುವುದು ಅವನದು. ದೊಡ್ಡ ರಸ್ತೆಯಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಪಾತ್ರಾಂವ್, ಧುಂವರ್ ಎಂದರೆ, ಗೊತ್ತೈತ್ರಿ, ನಾನೇ ಹಾಕೀನಿ ಎನ್ನುತ್ತೇನೆ. ಅವರಿಗೆ ಕನ್ನಡ ಬರುವುದಿಲ್ಲ. ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ನಾನು ಕನ್ನಡಿಯನ್ನು ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.